ಗ್ರಾನಡಾದಲ್ಲಿ ಎರಡು ರಾತ್ರಿ: ಅಮ್ಮನ ಮೊಣಕಾಲು, ತಮ್ಮನ ಬಿಯರು, ಅಲ್‌ಹಂಬ್ರದ ಟಿಕೆಟ್ಟು

ತೆಂಗಿನಗರಿ:

ಸ್ಪೇನ್ ಗೊತ್ತಿರುವವರು ಸ್ವಲ್ಪ ದಾರಿ ಹೇಳಿ. ಅಕ್ಟೋಬರ್ 14 ಬುಧವಾರ ಮಧ್ಯಾಹ್ನ ಮ್ಯಾಡ್ರಿಡ್‌ನಿಂದ ರೈಲಲ್ಲಿ ಗ್ರಾನಡಾ ತಲುಪ್ತೀವಿ. 14, 15 ಎರಡು ರಾತ್ರಿ ಅಲ್ಲೇ, 16ರ ಬೆಳಿಗ್ಗೆ ಸೆವಿಲ್‌ಗೆ ಹೊರಡ್ತೀವಿ. ಹಗಲಿನ ಅಲ್‌ಹಂಬ್ರ (ಬೆಟ್ಟದ ಮೇಲಿನ ಹಳೇ ಕೋಟೆ-ಅರಮನೆ) ಟಿಕೆಟ್ 15ರ ಬೆಳಿಗ್ಗೆಗೆ ಆಗಲೇ ಆಗಿದೆ. ನಾನು ಕೇಳ್ತಿರೋದು ಸಂಜೆ 7ರ ಮೇಲಿನ ಕಥೆ.

ನಾವು ನಾಲ್ಕು ಜನ: ನಾನು, ನಮ್ಮೆಜಮಾನ್ರು, ಅಮ್ಮ, ತಮ್ಮ. ಅಮ್ಮನಿಗೆ 64, ಮೊಣಕಾಲು ನೋವು. ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ತಮ್ಮನಿಗೆ ಎಲ್ಲವೂ ನಡೆಯುತ್ತೆ, ಅವನಿಗೆ ತಡರಾತ್ರಿವರೆಗೂ ಊರು ಸುತ್ತಬೇಕು. ರೂಮು ಪ್ಲಾಸಾ ನುಯೆವಾ ಚೌಕದ ಹತ್ತಿರ. ಅಲ್‌ಹಂಬ್ರ ರಾತ್ರಿ ನೋಡೋದು ಲಾಯಕ್ಕಾ? ಡ್ರಿಂಕ್ ತಗೊಂಡ್ರೆ ತಿಂಡಿ ಬಿಟ್ಟಿ ಅಂತಾರಲ್ಲ, ನಿಜವಾ? ಗುಹೆಯಲ್ಲಿ ಫ್ಲಮೆಂಕೊ (ಅಲ್ಲಿನ ಹಾಡು-ಕುಣಿತ) ಅಮ್ಮನಿಗೆ ಆಗುತ್ತಾ?

ಸಂಪಿಗೆಮರ:

ಮೊದಲು ತಾರೀಖಿನ ವಿಚಾರ, ಯಾಕಂದ್ರೆ ನೀವು ಸರಿಯಾಗಿ ಗಡಿಯ ಮೇಲೆ ಬಂದು ನಿಂತಿದ್ದೀರಿ. ಅಲ್‌ಹಂಬ್ರದೊಳಗಿನ ನಸ್ರಿದ್ ಅರಮನೆಗಳ ರಾತ್ರಿ ಭೇಟಿ ಏಪ್ರಿಲ್ 1ರಿಂದ ಅಕ್ಟೋಬರ್ 14ರವರೆಗೆ ಮಂಗಳವಾರದಿಂದ ಶನಿವಾರ, ರಾತ್ರಿ 10ರಿಂದ 11.30. ಅಕ್ಟೋಬರ್ 15ರಿಂದ ಮಾರ್ಚ್ 31ರವರೆಗೆ ಶುಕ್ರವಾರ, ಶನಿವಾರ ಮಾತ್ರ, 8ರಿಂದ 9.30. ಅಂದ್ರೆ ನಿಮಗೆ ಸಿಗೋದು ಬುಧವಾರ ಒಂದೇ. 15 ಗುರುವಾರ, ಅಷ್ಟೊತ್ತಿಗೆ ಚಳಿಗಾಲದ ವೇಳಾಪಟ್ಟಿ ಶುರುವಾಗಿರುತ್ತೆ. ಗುರುವಾರ ನೋಡೋಣ ಅಂತ ಮುಂದೂಡಿದ್ರೆ ಹೋಯ್ತು.

ಹಗಲಿನ ಟಿಕೆಟ್‌ನಲ್ಲಿ ರಾತ್ರಿ ಪ್ರವೇಶ ಸೇರಿಲ್ಲ, ಬೇರೆಯೇ ಕೊಳ್ಳಬೇಕು. ಹೆನೆರಲೀಫೆ ತೋಟದ ರಾತ್ರಿ ಭೇಟಿಗೆ ಮತ್ತೊಂದು ಟಿಕೆಟ್. ಹುಡುಕುವಾಗ ಎರಡೂ ಒಂದರ ಕೆಳಗೊಂದು ಬರ್ತವೆ, ಅವಸರದಲ್ಲಿ ತೋಟದ್ದನ್ನೇ ಅರಮನೆಯದ್ದು ಅಂತ ಕೊಂಡುಬಿಡೋದು ಮಾಮೂಲಿ ಎಡವಟ್ಟು. ಟಿಕೆಟ್ ಹೆಸರಿನ ಮೇಲಿರುತ್ತೆ, ಮೂಲ ಪಾಸ್‌ಪೋರ್ಟ್ ಜೊತೆಗಿರಲಿ. ಕೋಟೆಯ ಭಾಗವಾದ ಅಲ್ಕಸಾಬಾ ರಾತ್ರಿ ತೆರೆದಿರಲ್ಲ.

ಲಾಯಕ್ಕಾ ಅಂದ್ರೆ: ಹಗಲಿನ ಭೇಟಿಗೆ ಬದಲಿಯಾಗಿ ಖಂಡಿತ ಅಲ್ಲ, ಎರಡನೇ ನೋಟವಾಗಿ ಹೌದು. ರಾತ್ರಿ ದೀಪ ಮಂದ. ಕೊಮಾರೆಸ್ ಗೋಪುರದ ರಾಯಭಾರಿಗಳ ಸಭಾಂಗಣದ ಚಾವಣಿಯಲ್ಲಿ 8,017 ಮರದ ತುಂಡು ಕೂರಿಸಿದ್ದಾರೆ ಅನ್ನೋ ಲೆಕ್ಕ ಇದೆ. ರಾತ್ರಿ ಕತ್ತೆತ್ತಿದ್ರೆ ಅದು ಬರೀ ಕಪ್ಪು. ಗೋಡೆಯ ಗಾರೆ ಕೆತ್ತನೆ ಮಾತ್ರ ಕೆಳಗಿನಿಂದ ಬೆಳಕು ಬಿದ್ದು ಹಗಲಿಗಿಂತ ಆಳವಾಗಿ ಕಾಣುತ್ತೆ. ರಾತ್ರಿಯ ನಿಜವಾದ ಸೊಗಸು ಮರ್ಟಲ್ ಗಿಡಗಳ ಅಂಗಳದ ಕೊಳ. ಎರಡು ತುದಿಯ ದುಂಡು ಬೋಗುಣಿಗಳಿಂದ ನೀರು ಸಣ್ಣ ಕಾಲುವೆಯಲ್ಲಿ ಅಲೆಯೇಳದ ಹಾಗೆ ನಿಧಾನಕ್ಕೆ ಕೊಳಕ್ಕೆ ಇಳಿಯುತ್ತೆ, ಹಾಗಾಗಿ 45 ಮೀಟರ್ ಎತ್ತರದ ಗೋಪುರ ಕನ್ನಡಿಯಲ್ಲಿ ಇಟ್ಟಂಗೆ ಮೂಡುತ್ತೆ. ಟ್ರೈಪಾಡ್ ಬಿಡಲ್ಲ, ಫ್ಲ್ಯಾಶೂ ಇಲ್ಲ. ಫೋನನ್ನು ಕಂಬಕ್ಕೆ ಒರಗಿಸಬೇಡಿ, ಕಾವಲಿನವರು ಬೈತಾರೆ. ಮೊಣಕೈಯನ್ನು ಎದೆಗೆ ಒತ್ತಿ ಹಿಡಿದು ನೈಟ್ ಮೋಡ್‌ನಲ್ಲಿ ತೆಗೀರಿ.

ಹೋಗೋದಕ್ಕೆ ಪ್ಲಾಸಾ ಇಸಬೆಲ್ ಲಾ ಕತೋಲಿಕಾದಿಂದ ಸಿ30 ಮಿನಿಬಸ್. "ನ್ಯಾಯದ ಬಾಗಿಲು" ಅಂದ್ರೆ ಪುವೆರ್ತಾ ದೆ ಲಾ ಹುಸ್ತೀಸಿಯಾ ನಿಲ್ದಾಣದಲ್ಲಿ ಇಳೀರಿ. ಮೇಲಿನ ಟಿಕೆಟ್ ಮಂಟಪದವರೆಗೆ ಹೋಗಿ ಇಳಿದ್ರೆ ಅಲ್ಲಿಂದ ಅರಮನೆ ಬಾಗಿಲಿಗೆ 15–20 ನಿಮಿಷ ನಡಿಗೆ. ಟಿಕೆಟ್ ಮೇಲಿನ ಸಮಯ ಅರಮನೆ ಬಾಗಿಲಿನದು, ಹೊರಗೇಟಿನದಲ್ಲ. ಜನ ತಪ್ಪಿಸಿಕೊಳ್ಳೋದು ಇಲ್ಲೇ.

ಅಮ್ಮ ಮರುದಿನ ಬೆಳಿಗ್ಗೆ ಹೇಗೂ ಅಲ್ಲೇ ಮೂರು ಗಂಟೆ ನಡೀಬೇಕಲ್ಲ. ಅವರನ್ನು ರಾತ್ರಿ ಕರ್ಕೊಂಡು ಹೋಗೋದು ಬೇಡ ಅಂತ ನನ್ನ ಅಭಿಪ್ರಾಯ. ಸಂಜೆ ಅವರಿಗೆ ಸಾನ್ ನಿಕೊಲಾಸ್ ನೋಟದಕಟ್ಟೆ ತೋರಿಸಿ: ಸಿ31 ಬಸ್ಸಲ್ಲಿ ಹತ್ತಿ, ಬರೋವಾಗ ನಡ್ಕೊಂಡು ಇಳಿದ್ರಾಯ್ತು.

ಹುಬ್ಬಳ್ಳಿಮಂದಿ:

ಸಂಪಿಗೆಮರ ಅವ್ರ, ಉಳಿದದ್ದೆಲ್ಲಾ ಖರೆ ಅದ, ಕಡೀ ಮಾತು ಒಂದು ತಪ್ಪ ಹೇಳೀರಿ. ಮೊಣಕಾಲ ನೋವಿದ್ದವ್ರಿಗೆ ಏರಕಿಂತ ಇಳಿಜಾರ ಜಾಸ್ತಿ ತ್ರಾಸ. ಅಲ್ಬೈಸಿನ್ (ಸಾನ್ ನಿಕೊಲಾಸ್ ಇರೂ ಗುಡ್ಡದ ಹಳೇ ಬಡಾವಣಿ) ಓಣಿ ಪೂರಾ ಹೊಳಿಗುಂಡು ನಿಲ್ಲಿಸಿ ಕೂಡಿಸಿದ ನೆಲ, ಮೆಟ್ಟಲಾ ಸುದ್ದಾ ಹಂಗ. ನೂರಾರು ವರ್ಷ ಮಂದಿ ತುಳದು ನುಣ್ಣಗಾಗ್ಯಾವು, ಒಂದು ಹನಿ ಮಳಿ ಬಿದ್ರ ಸಾಕು ಎಣ್ಣಿ ಸುರುವಿದಂಗ. ಚಪ್ಪಲ್ಲಿ, ಹೀಲ್ಸು ಬ್ಯಾಡ್ರಿ, ರಬ್ಬರ್ ಅಟ್ಟಿ ಬೂಟು ಹಾಕ್ಕೊಳ್ರಿ.

ಅಮ್ಮಗ ಸಾನ್ ನಿಕೊಲಾಸ್ ಬೇಕಂದ್ರ ಹೋಗೂದೂ ಬರೂದೂ ಎರಡೂ ಸಿ31ನಾಗ ಅಥವಾ ಟ್ಯಾಕ್ಸಿ. ಊರೊಳಗಿನ ಟ್ಯಾಕ್ಸಿ ಸಾಮಾನ್ಯವಾಗಿ 10 ಯೂರೋ ಒಳಗ ಮುಗೀತದ. ಮಿನಿಬಸ್ಸು ಸಣ್ಣದು, ಸೀಟು ಕಡಿಮಿ. ಸೂರ್ಯ ಮುಳಗೂ ಹೊತ್ತಿನ್ಯಾಗ ಪ್ಲಾಸಾ ನುಯೆವಾದಾಗ ಹತ್ತಿದ್ರ ನಿಂತ ಹೋಗಬೇಕಾಗ್ತದ, ತಿರುವಿನ್ಯಾಗ ಕೈಕಂಬಿ ಗಟ್ಟಿ ಹಿಡೀರಿ. ಆ ತಾರೀಖಿಗೆ ಸೂರ್ಯಾಸ್ತ 7.40ರ ಸುಮಾರ. ಕಟ್ಟಿ ಮ್ಯಾಲ ಕೂಡಾಕ ಜಾಗ ಬೇಕಂದ್ರ 6.45ಕ್ಕ ಅಲ್ಲಿರ್ರಿ. ಸೂರ್ಯ ಮುಳಗಿದ ಕೂಡಲೇ ಅರ್ಧ ಮಂದಿ ಎದ್ದು ಹೋಗ್ತಾರ, ನೀವು ಏಳಬ್ಯಾಡ್ರಿ. ಇನ್ನ 20–30 ನಿಮಿಷಕ್ಕ ಆಕಾಶ ಕಡುನೀಲಿ ಆಗಿ ಕೋಟಿಗೆ ದೀಪ ಹತ್ತಿದಾಗಿನ ನೋಟನ ಅಸಲಿ. ಗಿಟಾರ್ ಕೇಳ್ಕೊಂತ ಮೈಮರತ್ರ ಕಿಸೆ ಹಗುರ ಆಗ್ತದ, ಬ್ಯಾಗು ಮುಂದ ಹಾಕ್ಕೊಳ್ರಿ.

ನನ್ನ ಕೇಳಿದ್ರ ಅಮ್ಮಗ ಏರೂದ ಬ್ಯಾಡ. ಪ್ಲಾಸಾ ನುಯೆವಾದಿಂದ ಕರೇರಾ ದೆಲ್ ದಾರೊ ಹಿಡದು ಹಳ್ಳದ ಗುಂಟ 10–15 ನಿಮಿಷ ಸಾವಕಾಶ ನಡದ್ರ ಪಸೇಯೊ ದೆ ಲೊಸ್ ತ್ರಿಸ್ತೆಸ್. ಹೆಚ್ಚು ಕಡಿಮಿ ಸಪಾಟ ದಾರಿ. ಅಲ್ಲಿ ಕುಂತು ತಲಿ ಎತ್ತಿದ್ರ ಇಡೀ ಅಲ್‌ಹಂಬ್ರ ನೆತ್ತಿ ಮ್ಯಾಲ ಬೆಳಗತಿರ್ತದ. ಒಂದ ಕಾಳಜಿ: ಆ ಓಣಿ ಭಾಳ ಸಣ್ಣದು, ಸಿ31 ಬಸ್ಸೂ ಅದ್ರಾಗ ಬರ್ತದ. ಬಂದಾಗ ಎಲ್ಲಾರೂ ಗ್ವಾಡಿಗೆ ಬೆನ್ನ ಹಚ್ಚಿ ನಿಲ್ಲೂದ ಅಲ್ಲಿ ರಿವಾಜು.

ತಮ್ಮಗ ಗುರುವಾರ ಬರೋಬ್ಬರಿ ದಿನ. ಇದು ವಿದ್ಯಾರ್ಥಿಗಳ ಊರು, ಯೂನಿವರ್ಸಿಟಿ 1531ರದು. ಶುಕ್ರವಾರ ಭಾಳ ಹುಡುಗ್ರು ಮನಿಗೆ ಹೋಗ್ತಾರ, ಅದಕ್ಕ ಗುರುವಾರನ ಹಬ್ಬ. ಹುಯೆವೆಸ್ (ಗುರುವಾರ), ವಿಯೆರ್ನೆಸ್ (ಶುಕ್ರವಾರ) ಎರಡೂ ಕೂಡಿಸಿ 'ಹುಯೆರ್ನೆಸ್' ಅಂತ ಕರೀತಾರ. ಪೆದ್ರೊ ಅಂತೋನಿಯೊ ದೆ ಅಲಾರ್ಕೋನ್ ಅನ್ನೂ ರಸ್ತೆ ಹುಡುಗ್ರ ಅಡ್ಡಾ, ಪ್ಲಾಸಾ ನುಯೆವಾದಿಂದ 25 ನಿಮಿಷ ನಡಗಿ. ಡಿಸ್ಕೊಕ್ಕ ರಾತ್ರಿ 12ಕ್ಕ ಹೋದ್ರ ಕಸ ಹೊಡಿಯೂದ ನೋಡಬೇಕು, 1.30 ಆದಮ್ಯಾಲ ಹೋಗ್ಲಿ. ರಸ್ತಾದಾಗ ಬಾಟ್ಲಿ ಹಿಡಕೊಂಡು ಕುಡಿಯೂದಕ್ಕ ದಂಡ ಅದ. ಅಂಗಡ್ಯಾಗ ರಾತ್ರಿ 10 ಆದಮ್ಯಾಲ ದಾರು ಮಾರೂದಿಲ್ಲ. ಅಕ್ಟೋಬರ್ ಮಧ್ಯದಾಗ ರಾತ್ರಿ ಚಳಿ ಇರ್ತದ, ಊರು ಸುಮಾರು 700 ಮೀಟರ್ ಎತ್ತರದಾಗ ಐತಿ. ಹಗಲಿನ ಬಿಸಲ ನೋಡಿ ಸ್ವೆಟರ್ ರೂಮಿನ್ಯಾಗ ಬಿಡಬ್ಯಾಡ್ರಿ.

ಒಗ್ಗರಣೆಸೌಟು:

ಬಿಟ್ಟಿ ತಿಂಡಿ ನಿಜ. ಬಾರ್ಸಿಲೋನಾದಲ್ಲೋ ಸೆವಿಲ್‌ನಲ್ಲೋ ತಪಾಕ್ಕೆ (ಡ್ರಿಂಕಿನ ಜೊತೆಯ ಸಣ್ಣ ತಿಂಡಿತಟ್ಟೆಗೆ) ದುಡ್ಡು ಕೊಡಬೇಕು. ಗ್ರಾನಡಾದಲ್ಲಿ ಪ್ರತಿ ಡ್ರಿಂಕಿನ ಜೊತೆ ಒಂದು ತಟ್ಟೆ ತಾನಾಗೇ ಬರುತ್ತೆ. ಎರಡನೇ ಡ್ರಿಂಕಿಗೆ ಎರಡನೇ ತಪಾ, ಸಾಮಾನ್ಯವಾಗಿ ಮೊದಲಿನದಕ್ಕಿಂತ ಬೇರೆ. ಮದ್ಯವೇ ಆಗಬೇಕಿಲ್ಲ. ಮದ್ಯವಿಲ್ಲದ ದ್ರಾಕ್ಷಿರಸ 'ಮೋಸ್ತೊ', ಆಲ್ಕೋಹಾಲ್ ಇಲ್ಲದ ಬಿಯರ್ ('ಉನಾ ಸಿನ್' ಅಂದ್ರೆ ಸಾಕು), ಕೋಲಾ, ಎಲ್ಲಕ್ಕೂ ಬರುತ್ತೆ. ಕಾಫಿಗೆ ಬರಲ್ಲ. ತಮ್ಮನಿಗೆ 'ಕಾನ್ಯಾ' ಅಂತ ಹೇಳ್ಕೊಡಿ, 200 ಮಿ.ಲೀ. ಆಸುಪಾಸಿನ ಸಣ್ಣ ಗ್ಲಾಸು. ಜಾಣರು ದೊಡ್ಡ ಗ್ಲಾಸು ಕೇಳಲ್ಲ: ನಾಲ್ಕು ಕಾನ್ಯಾ ಅಂದ್ರೆ ನಾಲ್ಕು ತಟ್ಟೆ, ಅಲ್ಲಿಗೆ ರಾತ್ರಿ ಊಟ ಮುಗೀತು. ಒಂದೇ ಬಾರಿನಲ್ಲಿ ನಾಲ್ಕು ಬೇಡ, ಎರಡೆರಡು ಸಲ ಕುಡಿದು ಮುಂದಕ್ಕೆ ಹೋಗಬೇಕು. ಅಡುಗೆಮನೆ ರಾತ್ರಿ 8–8.30ರ ಮೇಲೇ ಬಿಸಿ ಆಗೋದು. 6.30ಕ್ಕೆ ಹೋದ್ರೆ ಆಲಿವ್ ಕಾಯಿ, ಚಿಪ್ಸ್ ಇಟ್ಟು ಸುಮ್ಮನಾಗ್ತಾರೆ. ನಾವಾಸ್ ಬೀದಿ ಸುಲಭ, ಆದ್ರೆ ಪ್ರವಾಸಿಗರ ಜಾತ್ರೆ. ರೆಯಲೇಹೊ ಬಡಾವಣೆಯ ಕಾಂಪೊ ದೆಲ್ ಪ್ರಿನ್ಸಿಪೆ ಚೌಕ ವಾಸಿ, ಕೂರೋಕ್ಕೂ ಜಾಗ ಇದೆ.

ತೊಂದರೆ ಇರೋದು ಅಮ್ಮನ ವಿಷಯದಲ್ಲಿ. ತಪಾ ಯಾವುದು ಅಂತ ಬಾರಿನವರೇ ನಿರ್ಧಾರ ಮಾಡ್ತಾರೆ. 'ವೆಹೆತರಿಯಾನಾ' (ಸಸ್ಯಾಹಾರಿ) ಅಂತ ಹೇಳಿದ್ರೆ ತಲೆಯಾಡಿಸಿ ಟ್ಯೂನಾ ಮೀನು ಹಾಕಿದ ಸಲಾಡ್ ತಂದಿಡೋದೂ ಉಂಟು. ಹಂದಿತೊಡೆ ಹಮೋನ್ ಅವರ ಕೈಯಲ್ಲಿ ನಮ್ಮ ಕೊತ್ತಂಬರಿ ಸೊಪ್ಪಿನ ಹಾಗೆ, ಮೇಲೆ ಉದುರಿಸದೆ ಕೈ ನಿಲ್ಲಲ್ಲ. ಅದಕ್ಕೇ ಡ್ರಿಂಕ್ ಹೇಳುವಾಗಲೇ, ತಟ್ಟೆ ಬರೋ ಮುಂಚೆ, ಈ ಸಾಲು ಫೋನಲ್ಲಿ ತೋರಿಸಿ ಅಥವಾ ಓದಿ: "ನೊ ಕೋಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್, ನಿ ಉಯೆವೊ." ಮಾಂಸ, ಮೀನು, ಹಮೋನ್, ಮೊಟ್ಟೆ ತಿನ್ನಲ್ಲ ಅಂತ. ಹಮೋನನ್ನು ಬೇರೆ ಹೆಸರಿಸೋದು ಬೇಕೇ ಬೇಕು.

ಅಮ್ಮನಿಗೆ ಹೇಳಿ ತರಿಸಬೇಕಾದ್ದು, ದುಡ್ಡು ಕೊಟ್ಟು ಅರ್ಧ ತಟ್ಟೆ, ಅಂದ್ರೆ 'ಮೇದಿಯಾ ರಸಿಯೋನ್':

ಬೆರೆನ್‌ಹೇನಾಸ್ ಕೊನ್ ಮಿಯೆಲ್ ದೆ ಕಾನ್ಯಾ. ಬದನೆಕಾಯಿ ಬಿಲ್ಲೆ ಹಿಟ್ಟಿನಲ್ಲಿ ಹೊರಳಿಸಿ ಕರಿದು, ಮೇಲೆ ಕಬ್ಬಿನ ಹಾಲು ಕಾಯಿಸಿದ ಕಪ್ಪು ಪಾಕ. 'ಮಿಯೆಲ್' ಅಂದ್ರೆ ಜೇನು, ಆದ್ರೆ ಇದು ಜೇನಲ್ಲ, ನಮ್ಮ ಜೋನಿ ಬೆಲ್ಲದ ಅಣ್ಣ, ಸ್ವಲ್ಪ ಕಹಿ ಹೆಚ್ಚು. (ಬಿಯರಿನ ಕಾನ್ಯಾ, ಕಬ್ಬಿನ ಕಾನ್ಯಾ ಎರಡೂ ಒಂದೇ ಪದ, ಗಲಿಬಿಲಿ ಬೇಡ.) ಕೆಲವು ಕಡೆ ಹಿಟ್ಟಿಗೆ ಮೊಟ್ಟೆ ಹಾಕ್ತಾರೆ, "ಯೇವಾ ಉಯೆವೊ?" (ಮೊಟ್ಟೆ ಇದೆಯಾ?) ಅಂತ ಕೇಳಿ. ಮೀನು ಕರಿದ ಎಣ್ಣೆಯಲ್ಲೇ ಕರೀತಾರೆ ಅನ್ನೋದು ಅಮ್ಮನಿಗೆ ಮುಖ್ಯವಾದ್ರೆ ಇದನ್ನೂ ಬಿಡಿ.

ಪಾಪಾಸ್ ಆ ಲೊ ಪೋಬ್ರೆ. 'ಬಡವರ ಆಲೂಗಡ್ಡೆ': ಆಲೂ, ದೊಣ್ಣೆಮೆಣಸು, ಈರುಳ್ಳಿ ಆಲಿವ್ ಎಣ್ಣೆಯಲ್ಲಿ ಮೆತ್ತಗಾಗೋವರೆಗೆ ಬೆಂದದ್ದು. ಮೇಲೆ ಕರಿದ ಮೊಟ್ಟೆ ಕೂರಿಸೋ ಚಾಳಿ ಇದೆ, "ಸಿನ್ ಉಯೆವೊ" (ಮೊಟ್ಟೆ ಇಲ್ಲದೆ) ಅನ್ನಿ. ಖಾರ ಇರಲ್ಲ, ಚಟ್ನಿಪುಡಿ ಡಬ್ಬಿ ಬ್ಯಾಗಲ್ಲಿರಲಿ.

ಸಾಲ್ಮೊರೆಹೊ: ಟೊಮೇಟೊ, ಬ್ರೆಡ್, ಬೆಳ್ಳುಳ್ಳಿ, ಎಣ್ಣೆ ಅರೆದ ತಣ್ಣನೆ ಗಟ್ಟಿ ಸಾರು. ಮೊಟ್ಟೆ, ಹಮೋನ್ ಮೇಲಲಂಕಾರ, "ಸಿನ್" ಹೇಳಿದ್ರೆ ಹಾಕದೆ ಕೊಡ್ತಾರೆ.

ಬೇಡದ್ದು: ಕ್ರೋಕೆತಾಸ್ (ಒಳಗೆ ಹೆಚ್ಚಾಗಿ ಹಮೋನ್), ಅಲಿಯೋಲಿ ಸವರಿದ ಆಲೂ (ಮೊಟ್ಟೆ), ರೆಮೊಹೋನ್ (ಕಿತ್ತಳೆ ಸಲಾಡ್ ಅಂತ ಕಾಣುತ್ತೆ, ಒಳಗೆ ಉಪ್ಪುಮೀನು). ತಮ್ಮನಿಗೂ ಒಂದು ಎಚ್ಚರಿಕೆ: ತೊರ್ತಿಯಾ ದೆಲ್ ಸಾಕ್ರೊಮೊಂಟೆ ಬರೀ ಆಮ್ಲೆಟ್ ಅಲ್ಲ, ಅದರಲ್ಲಿ ಮೆದುಳು ಇರುತ್ತೆ.

ಇಷ್ಟೆಲ್ಲ ರಗಳೆ ಬೇಡ ಅನ್ನಿಸಿದ ಹೊತ್ತಿಗೆ ಕಾಲ್ದೆರೆರಿಯಾ ನುಯೆವಾ ಓಣಿ. ಮೊರಾಕೊ ಕಡೆಯ ಚಹಾ ಅಂಗಡಿ ಸಾಲು, ಪುದೀನಾ ಚಹಾ, ಫಲಾಫೆಲ್, ಹಮ್ಮುಸ್. ಓಣಿ ಏರುಮುಖ, ಕೆಳಗಿನ ಒಂದೆರಡು ಅಂಗಡಿಯಲ್ಲೇ ಕೂತುಬಿಡಿ.

ತೆಂಗಿನಗರಿ:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಬುಧವಾರದ ರಾತ್ರಿ ಟಿಕೆಟ್ ನೋಡ್ತೀನಿ, ನಾನು ಮತ್ತು ತಮ್ಮ ಇಬ್ಬರೇ. ಹಾಗಾದ್ರೆ ಫ್ಲಮೆಂಕೊ ಗುರುವಾರಕ್ಕೆ. ಅಮ್ಮ ಸಂಗೀತ ಕಲಿತವರು, ಅದೊಂದನ್ನು ತಪ್ಪಿಸೋ ಹಾಗಿಲ್ಲ. ಗುಹೆ ಅಂದ್ರೆ ಮೆಟ್ಟಿಲು ಎಷ್ಟು?

ಖಂಡಛಾಪು:

ಹೆದರಬೇಡಿ, ಬೆಟ್ಟ ಹತ್ತಬೇಕಿಲ್ಲ. ಸಾಕ್ರೊಮೊಂಟೆ ಅನ್ನೋ ಗುಹೆಮನೆಗಳ ಬಡಾವಣೆಯ ಆಟದ ಗುಹೆಗಳು ಹೆಚ್ಚಿನವು ಕಮೀನೊ ದೆಲ್ ಸಾಕ್ರೊಮೊಂಟೆ ರಸ್ತೆಯ ಮಗ್ಗುಲಲ್ಲೇ ಇವೆ, ಟ್ಯಾಕ್ಸಿ ಬಾಗಿಲವರೆಗೆ ಬರುತ್ತೆ. ಸಿ34 ಬಸ್ಸೂ ಇದೆ, ಆದರೆ ಆಟ ಮುಗಿಯೋ ಹೊತ್ತಿಗೆ ಅದನ್ನು ನಂಬಿ ಕೂರಬೇಡಿ. ಹಲವು ಕಡೆ ಕರೆದೊಯ್ದು ವಾಪಸ್ ಬಿಡೋ ವ್ಯಾನ್ ಸೇರಿಸಿಯೇ ಟಿಕೆಟ್ ಮಾರ್ತಾರೆ, ನಿಮಗೆ ಅದೇ ಸರಿ. ವ್ಯಾನಿನ ಜೊತೆ "ಅಲ್ಬೈಸಿನ್ ನಡಿಗೆ"ಯೂ ಸೇರಿದೆಯಾ ನೋಡ್ಕೊಳ್ಳಿ. ಸೇರಿದ್ರೆ ಅಮ್ಮನಿಗೆ ಬೇಡ, ನಡಿಗೆ ಇಲ್ಲದ ಟಿಕೆಟ್ ಕೇಳಿ. ರಾತ್ರಿ 9ರ ಆಸುಪಾಸಿನ ಆಟ ಹಿಡೀರಿ, ಒಂದು ಗಂಟೆ ಇರುತ್ತೆ. ಊಟ ಸೇರಿದ ಟಿಕೆಟ್ ಬೇಡ. ಅಮ್ಮನ ತಟ್ಟೆಯಲ್ಲಿ ಏನು ಬರುತ್ತೋ ಹೇಳೋಕ್ಕಾಗಲ್ಲ.

ಇಲ್ಲಿನದನ್ನು 'ಸಾಂಬ್ರಾ' ಅಂತಾರೆ. ಹಿತಾನೊ (ಸ್ಪೇನಿನ ಜಿಪ್ಸಿ) ಜನರ ಮದುವೆ ಕುಣಿತದಿಂದ ಬಂದದ್ದು: ಅಲ್ಬೊರೆಯಾ, ಕಾಚೂಚಾ, ಮೋಸ್ಕಾ ಅಂತ ಮೂರು. ಸುಣ್ಣ ಬಳಿದ ಉದ್ದನೆ ಗುಹೆ, ಚಾವಣಿಯಿಂದ ತಾಮ್ರದ ಪಾತ್ರೆ ನೇತಾಡ್ತಿರುತ್ತೆ, ಎರಡೂ ಗೋಡೆಗೆ ಕುರ್ಚಿಸಾಲು, ನಡುವಿನ ಓಣಿಯಲ್ಲಿ ಕುಣಿತ. ವೇದಿಕೆ ಇಲ್ಲ. ಮೊದಲ ಸಾಲಲ್ಲಿ ಕೂತ್ರೆ ಪಾದದ ಕೆಲಸ ಪೂರ್ತಿ ಕಾಣುತ್ತೆ, ಆದರೆ ಕಾಲು ಚಾಚೋ ಹಾಗಿಲ್ಲ, ಲಂಗದ ಅಂಚು ಮಂಡಿಗೆ ತಾಗುತ್ತೆ. ಮೊಣಕಾಲು ಮಡಚಿ ಒಂದು ಗಂಟೆ ಕೂರೋದು ಅಮ್ಮನಿಗೆ ಕಷ್ಟವಾದ್ರೆ ಸಾಲಿನ ತುದಿಯ ಕುರ್ಚಿ ಕೇಳಿ, ಅದಕ್ಕೆ 20 ನಿಮಿಷ ಮುಂಚೆ ಹೋಗಿ.

ಅಮ್ಮನಿಗೆ ಮುಂಚೆಯೇ ಒಂದು ಲೆಕ್ಕ ಹೇಳಿಡಿ. ಫ್ಲಮೆಂಕೊದ ಸೊಲೆಯಾ ಅನ್ನೋ ಬಂಧದಲ್ಲಿ 12 ಎಣಿಕೆ, ಒತ್ತು 3, 6, 8, 10, 12ರ ಮೇಲೆ. ಅಂದ್ರೆ 3+3+2+2+2. ನಮ್ಮವರು ಎಡವೋದು ಒಂದೇ ಕಡೆ: ನಮಗೆ ಸಮ (ತಾಳದ ಮುಖ್ಯ ಒತ್ತು) ಆವರ್ತದ ಮೊದಲಲ್ಲಿ, ಅವರಿಗೆ ತೂಕವೆಲ್ಲ ಗುಂಪಿನ ಕೊನೆಯಲ್ಲಿ. ನುಡಿಸಾಣಿಕೆಯ ಮುಕ್ತಾಯ ಹೆಚ್ಚಾಗಿ 10ಕ್ಕೆ ಬಂದು ಬೀಳುತ್ತೆ. ಒಂದರಿಂದ ತಾಳ ಹಾಕ್ತಾ ಕೂತ್ರೆ ಎಲ್ಲವೂ ಅನಾಗತದ ಹಾಗೆ (ತಾಳ ಬಿದ್ದ ಮೇಲೆ ಎತ್ತಿದ ಹಾಗೆ) ಅನ್ನಿಸುತ್ತೆ. ಎಣಿಕೆ ತೊಡೆಯ ಮೇಲೆ ಬೆರಳಲ್ಲಿ ಇರಲಿ, ಚಪ್ಪಾಳೆ ಬೇಡ. ಕೈತಾಳ ಅಲ್ಲಿ ವಾದ್ಯವೇ, ಸಭಿಕರ ಅಡ್ಡತಾಳ ಬಿದ್ರೆ ಕಾಲಿನ ಲಯ ಕೆಡುತ್ತೆ. ನಾವು ಭಲೇ ಅನ್ನೋ ಜಾಗದಲ್ಲಿ 'ಓಲೆ' ಅನ್ನಬಹುದು.

ಇನ್ನೊಂದು: ಹಿತಾನೊಗಳ ಕಾಲೊ ಮಾತಿನಲ್ಲಿ ನೀರಿಗೆ 'ಪಾನ್ಯಿ' ಅಂತಾರೆ. ಅವರ ಪೂರ್ವಜರ ನುಡಿ ಹೊರಟದ್ದು ಉತ್ತರ ಭಾರತದ ಕಡೆಯಿಂದ. ಹಾಡಿನ ಮಧ್ಯೆ ಆ ಪದ ಕಿವಿಗೆ ಬಿದ್ರೆ ಅಮ್ಮ ಬೆಚ್ಚಿಬೀಳಬಹುದು.

ಸಂಪಿಗೆಮರ:

ಹುಬ್ಬಳ್ಳಿಮಂದಿ, ಇಳಿಜಾರಿನ ಮಾತು ಒಪ್ಪಿದೆ, ನಾನು ಹೇಳಿದ್ದು ತಪ್ಪು. ತೆಂಗಿನಗರಿ ಅವರೇ, ಬುಧವಾರ ನೀವಿಬ್ಬರು 11.30ಕ್ಕೆ ಹೊರಬಂದಾಗ ಸಿ30 ನಿಂತುಹೋಗಿರುತ್ತೆ. ಕುಯೆಸ್ತಾ ದೆ ಗೊಮೆರೆಸ್ ಇಳಿಜಾರಲ್ಲಿ 15–20 ನಿಮಿಷಕ್ಕೆ ನೇರ ಪ್ಲಾಸಾ ನುಯೆವಾ. ಮೇಲಿನರ್ಧ ಮರಗಳ ಕತ್ತಲು, ಫೋನಿನಲ್ಲಿ ಚಾರ್ಜ್ ಉಳಿಸ್ಕೊಳ್ಳಿ. ಇಳಿದ ಮೇಲೆ ಬಿಸಿ ಊಟ ಸಿಗುತ್ತೆ ಅಂತ ನಂಬಬೇಡಿ, ಆ ಹೊತ್ತಿಗೆ ಅಡುಗೆಮನೆ ಮುಚ್ಚುತ್ತಿರುತ್ತೆ. 8.30ಕ್ಕೇ ಎರಡು ಕಾನ್ಯಾ, ಎರಡು ತಪಾ ಮುಗಿಸಿ ಹತ್ತಿ.