ಐಡಾಹೋ ಮಿಡಲ್ ಫೋರ್ಕ್‌ನಲ್ಲಿ ಫ್ಲೈ ಫಿಶಿಂಗ್, ರಾಫ್ಟಿಂಗ್: ಯಾವ ತಿಂಗಳು ಒಳ್ಳೇದು?

ಪ್ರಶ್ನೆ: ಎಲ್ರಿಗೂ ನಮಸ್ಕಾರ, ನಾವಿರೋದು ಸಿಯಾಟಲ್‌ನಲ್ಲಿ, ಊರಿಂದ ಅಪ್ಪ ಬರ್ತಿದಾರೆ, ಅವ್ರಿಗೆ ಗಾಳ ಹಾಕೋದಂದ್ರೆ ಪ್ರಾಣ. ಐಡಾಹೋದಲ್ಲಿ ಸಾಲ್ಮನ್ ನದಿಯ ಮಿಡಲ್ ಫೋರ್ಕ್ ಅನ್ನೋ ಕವಲಿಗೆ ಗೈಡ್ ಜೊತೆ ಹೋಗೋಣ ಅಂತಿದೀನಿ. ಜೂನ್ ಆಗುತ್ತಾ? ನದಿಗಿಳಿಯೋ ಪರ್ಮಿಟ್‌ಗೆ ಲಾಟರಿ ನಾವೇ ಹಾಕ್ಬೇಕಾ?

ಉತ್ತರ: ಮೀನಿಗೋಸ್ಕರ ಆದ್ರೆ ಜೂನ್ ಬೇಡ. ಹಿಮ ಕರಗಿ ನೀರು ರಭಸವಾಗಿರುತ್ತೆ, ರಾಫ್ಟಿಂಗ್‌ನೋರಿಗೆ ಹಬ್ಬ, ಗಾಳದೋರಿಗೆ ಕಷ್ಟ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೀರು ತಿಳಿಯಾಗಿ ಕಟ್‌ಥ್ರೋಟ್ ಟ್ರೌಟ್ ಮೀನು ನೀರಿನ ಮೇಲೆ ತೇಲೋ ಡ್ರೈ ಫ್ಲೈಗೇ (ಹುಳದ ಥರ ಕಟ್ಟಿದ ನಕಲಿ ಗಾಳ) ಬಂದು ಬಾಯಿ ಹಾಕುತ್ತೆ, ಅದನ್ನ ನೋಡೋದೇ ಒಂದು ಖುಷಿ. ನೀರು ತೀರಾ ಇಳಿದ್ರೆ ಮಾಮೂಲಿ ಶುರು ಮಾಡೋ ಜಾಗ ಬೌಂಡರಿ ಕ್ರೀಕ್ ಬದ್ಲು ಸಣ್ಣ ವಿಮಾನದಲ್ಲಿ ಇಂಡಿಯನ್ ಕ್ರೀಕ್‌ಗೆ ಕರ್ಕೊಂಡ್ಹೋಗಿ ಅಲ್ಲಿಂದ ಶುರು ಮಾಡ್ತಾರೆ. ಲಾಟರಿ ಸ್ವಂತವಾಗಿ ಹೋಗೋರಿಗೆ, ಗೈಡ್ ಕಂಪನಿಗಳಿಗೆ ಬೇರೆ ಪರ್ಮಿಟ್ ಇರುತ್ತೆ.

ಇನ್ನೊಬ್ಬರು: ಅಪ್ಪಂಗೆ ಈಗ್ಲೇ ಹೇಳ್ಬಿಡಿ, ಹಿಡಿದ ಟ್ರೌಟ್ ವಾಪಸ್ ನೀರಿಗೆ ಬಿಡ್ಲೇಬೇಕು, ಹಿಮ್ಮುಳ್ಳಿಲ್ಲದ ಒಂಟಿ ಕೊಕ್ಕೆ ಮಾತ್ರ, ಎರೆಹುಳ ನಡೆಯಲ್ಲ. ಆ ನದಿ ಇನ್ನೂ ಚೆನ್ನಾಗಿರೋದೇ ಇದ್ರಿಂದ. ಐಡಾಹೋ ಫಿಶಿಂಗ್ ಲೈಸೆನ್ಸ್ ಮರೀಬೇಡಿ. ಸುಮಾರು 100 ಮೈಲಿ ಕಾಡೊಳಗೆ ಹೋಗೋದು, ಊರಿಲ್ಲ, ಅಂಗಡಿ ಇಲ್ಲ, ಮಾತ್ರೆಗಳನ್ನ ನೀರು ಹೋಗದ ಬ್ಯಾಗಲ್ಲಿ ಜಾಸ್ತಿನೇ ಇಟ್ಕೊಳ್ಳಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್! ಅವ್ರಿಗೆ ಹುಟ್ಟು ಹಾಕೋಕಾಗಲ್ಲ, ಪರ್ವಾಗಿಲ್ವಾ?

ಉತ್ತರ: ಗೈಡೇ ಹುಟ್ಟು ಹಾಕೋ ಬೋಟ್ ಕೇಳಿ, ಅಪ್ಪ ಮುಂದೆ ಕೂತು ಗಾಳ ಬೀಸಿದ್ರೆ ಸಾಕು. ಲೈಫ್ ಜಾಕೆಟ್ ಮಾತ್ರ ಬಿಚ್ಚೋ ಹಾಗಿಲ್ಲ.