ಎನ್‌ಕಾಂಟೊ: ಹಾಡು ಗೆದ್ದಿತು ಸರಿ, ಮನೆ ಕುಸಿದ ಮೇಲೆ ಕಥೆ ಯಾಕೆ ಓಡುತ್ತೆ?

ಅಂಚಿನ_ಸೀಟು

ಡಿಸ್ನಿಯ ‘ಎನ್‌ಕಾಂಟೊ’ (2021) ಬಗ್ಗೆ ಸ್ವಲ್ಪ ಬಿಡಿಸಿ ಮಾತಾಡೋಣ. ಅತ್ಯುತ್ತಮ ಅನಿಮೇಷನ್ ಚಿತ್ರಕ್ಕೆ ಆಸ್ಕರ್ ಬಂತು, ‘ವಿ ಡೋಂಟ್ ಟಾಕ್ ಅಬೌಟ್ ಬ್ರೂನೊ’ ಹಾಡು ಎಲ್ಲರ ಬಾಯಲ್ಲೂ ಕುಣಿಯಿತು, ಅದೆಲ್ಲ ಗೊತ್ತಿರೋದೇ. ಮಾಯೆಯ ಮನೆಯೊಂದರಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಒಂದೊಂದು ಮಾಂತ್ರಿಕ ವರ, ಮೊಮ್ಮಗಳು ಮಿರಬೆಲ್‌ಗೆ ಮಾತ್ರ ಇಲ್ಲ, ಕಥೆ ಇಷ್ಟು. ನನ್ನ ತಕರಾರು ಕೊನೆಯ ಭಾಗದ್ದು. ಅಜ್ಜಿ ಅಲ್ಮಾ, ಮೂವರು ಮಕ್ಕಳು, ಇಬ್ಬರು ಅಳಿಯಂದಿರು, ಆರು ಮೊಮ್ಮಕ್ಕಳು ಸೇರಿ ಹನ್ನೆರಡು ಜನರ ಮನೆಯನ್ನು ಗೊಂದಲವಿಲ್ಲದೆ ಪರಿಚಯ ಮಾಡಿಕೊಡೋ ಚಿತ್ರ, ಆ ಮನೆ ಕುಸಿದ ಕೂಡಲೇ ಬಸ್ ತಪ್ಪುತ್ತೆ ಅನ್ನೋ ಥರ ಓಡುತ್ತೆ. ಅಷ್ಟು ಹೊತ್ತೂ ಬಿಗಿಯಾಗಿದ್ದ ಅಲ್ಮಾ ನದಿ ದಂಡೆಯಲ್ಲಿ ಕರಗಿಬಿಡುತ್ತಾಳೆ, ಭವಿಷ್ಯ ಕಾಣುವ, ವರ್ಷಗಟ್ಟಲೆ ಕಾಣೆಯಾಗಿದ್ದ ಮಗ ಬ್ರೂನೊ ಕುದುರೆ ಏರಿ ಬರುತ್ತಾನೆ, ಅಪ್ಪುಗೆ, ಮುಗೀತು. ಹಾಡುಗಳನ್ನು ಕಿತ್ತು ಪಕ್ಕಕ್ಕಿಟ್ಟರೆ ಈ ಚಿತ್ರಕಥೆ ನಿಲ್ಲುತ್ತಾ? ಬಲ್ಲವರು ಹೇಳಿ. ಕಥೆ ಪೂರ್ತಿ ಬಯಲಾಗುತ್ತೆ, ನೋಡದವರು ಇಲ್ಲಿಂದಲೇ ವಾಪಸ್ ಹೋಗಿ.

ಮೂರನೇ_ಕಾಲ

ಕಿತ್ತರೆ ನಿಲ್ಲಲ್ಲ. ಯಾಕಂದ್ರೆ ಇಲ್ಲಿ ಹಾಡೇ ಚಿತ್ರಕಥೆ.

ಲಿನ್-ಮ್ಯಾನ್ಯುಯಲ್ ಮಿರಾಂಡ ಬರೆದ ಎಂಟು ಹಾಡುಗಳಲ್ಲಿ ಲಯಗಳನ್ನು ಹಂಚಿರುವ ರೀತಿ ನೋಡಿ. ಕುಟುಂಬ ಪರಿಚಯದ ಹಾಡು ವಯೆನಾತೊ, ಅಂದರೆ ಅಕಾರ್ಡಿಯನ್ ಮುಂದಿರುವ ಕೊಲಂಬಿಯಾದ ಜನಪದ ಶೈಲಿ. ಮಿರಬೆಲ್‌ಳ ಅಕ್ಕ, ಬಲಶಾಲಿ ಲುಯಿಸಾಳದು ರೆಗೆಟಾನ್ ಪೆಟ್ಟು, ಲ್ಯಾಟಿನ್ ಅಮೆರಿಕದ ಕುಣಿತದ ಬೀಟ್. ಇನ್ನೊಬ್ಬ ಅಕ್ಕ, ಹೂ ಅರಳಿಸುವ ಇಸಬೆಲಾಳದು ತೊಂಬತ್ತರ ದಶಕದ ಸ್ಪ್ಯಾನಿಷ್ ರಾಕ್. ಮಿರಬೆಲ್ ಒಬ್ಬಳೇ ನಿಂತು ಹಾಡುವ ‘ವೇಟಿಂಗ್ ಆನ್ ಎ ಮಿರಾಕಲ್’ ಮಾತ್ರ ಬಂಬೂಕೊ ಅನ್ನೋ ಕೊಲಂಬಿಯಾದ ಜನಪದ ಲಯ, ಮೂರರ ಎಣಿಕೆ. ಅದರ ಹಿಂದುಮುಂದಿನ ಹಾಡುಗಳೆಲ್ಲ ತಕಧಿಮಿ ಅಂತ ನಾಲ್ಕರಲ್ಲಿ ಹೆಜ್ಜೆ ಹಾಕುವಾಗ ಇವಳದು ತಕಿಟ. ಮನೆಯವರ ಹೆಜ್ಜೆಗೆ ಇವಳ ಹೆಜ್ಜೆ ಕೂಡುತ್ತಿಲ್ಲ ಅನ್ನೋದು ಕಿವಿಗೆ ಮೊದಲು ಗೊತ್ತಾಗುತ್ತೆ.

ಮೊದಲ ಹಾಡು ‘ತುಂಬಾ ಸ್ಪೀಡು, ತಲೆಗೆ ಹೋಗಲ್ಲ’ ಅಂತ ದೂರುವವರಿದ್ದಾರೆ. ಆ ವೇಗಕ್ಕೆ ಕಾರಣವಿದೆ. ಊರಿನ ಮಕ್ಕಳು ‘ನಿನ್ನ ವರ ಯಾವುದು?’ ಅಂತ ಮತ್ತೆ ಮತ್ತೆ ಕೇಳುತ್ತಾರೆ. ಮಿರಬೆಲ್ ಉತ್ತರ ತಪ್ಪಿಸಲು ಉಳಿದವರ ಪಟ್ಟಿ ಒಪ್ಪಿಸುತ್ತಾಳೆ, ಮಕ್ಕಳು ಒತ್ತಾಯಿಸಿದಷ್ಟೂ ಪಟ್ಟಿ ಜೋರಾಗುತ್ತೆ. ಮಾಹಿತಿ ಕೊಡೋ ಹಾಡು ಅನ್ನೋ ನೆಪದಲ್ಲಿ ನಡೆಯೋದು ತಪ್ಪಿಸಿಕೊಳ್ಳುವ ಆಟ.

ಇನ್ನು ಬ್ರೂನೊ ಹಾಡು. ಉದ್ದಕ್ಕೂ ತಿರುಗಿ ತಿರುಗಿ ಬರೋದು ಒಂದೇ ಸ್ವರಗುಚ್ಛಗಳ (ಕಾರ್ಡ್) ಸುತ್ತು. ಅದಕ್ಕೇ ಬ್ರೂನೊನ ಸೋದರಿ ಪೆಪಾ, ಅವಳ ಗಂಡ ಫೆಲಿಕ್ಸ್, ಅವರ ಮಕ್ಕಳಾದ ಪಿಸುಗುಡುವ ಡೊಲೊರೆಸ್, ಹೆದರಿಸುವ ಕಮಿಲೊ, ಮೃದುವಾಗಿ ಎಳೆಯುವ ಇಸಬೆಲಾ, ಎಲ್ಲರೂ ಬೇರೆ ಬೇರೆ ಧಾಟಿಯಲ್ಲಿ ಹಾಡಿ, ಕೊನೆಗೆ ಅಷ್ಟನ್ನೂ ಒಂದರ ಮೇಲೊಂದು ಪೇರಿಸಿದರೂ ಅಪಸ್ವರ ಬರಲ್ಲ. ಹೆಡ್‌ಫೋನ್ ಹಾಕಿಕೊಂಡು ಆ ಕೊನೆಯ ಸುತ್ತಿನಲ್ಲಿ ಒಮ್ಮೆ ಡೊಲೊರೆಸ್‌ಳನ್ನು ಮಾತ್ರ ಹಿಂಬಾಲಿಸಿ, ಇನ್ನೊಮ್ಮೆ ಕಮಿಲೊನನ್ನು. ಬೇರೆಯೇ ಎರಡು ಹಾಡು ಕೇಳಿದ ಹಾಗಾಗುತ್ತೆ.

2022ರಲ್ಲಿ 5 ವಾರ ಅಮೆರಿಕದ ಹಾಡುಪಟ್ಟಿ ಬಿಲ್‌ಬೋರ್ಡ್ ಹಾಟ್ 100ರ ತುದಿಯಲ್ಲಿ ಕೂತ ಈ ಹಾಡನ್ನು ಡಿಸ್ನಿಯವರು ಆಸ್ಕರ್‌ಗೆ ಕಳಿಸಿರಲೇ ಇಲ್ಲ. ಕಳಿಸಿದ್ದು ‘ದೋಸ್ ಒರುಗಿತಾಸ್’, ಅಲ್ಮಾಳ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಬರೋ ಹಾಡು. ಹಾಡು ಕಳಿಸುವ ಗಡುವು ಚಿತ್ರ ತೆರೆಗೆ ಬರೋ ಮೊದಲೇ ಮುಗಿದಿತ್ತು, ಯಾವುದು ಓಡುತ್ತೆ ಅಂತ ಯಾರಿಗೆ ಗೊತ್ತು!

ಕತ್ತರಿ_ಸಂಕಲನ

@ಮೂರನೇ_ಕಾಲ ಹೇಳಿದ್ದಕ್ಕೆ ಜೋಡಿಸಿ ಮೂಲ ಪ್ರಶ್ನೆಗೆ ಬರ್ತೀನಿ. ಹಾಡೇ ಚಿತ್ರಕಥೆ ಅಂದ್ರೆ, ಹಾಡು ಸಿಗದ ಪಾತ್ರಕ್ಕೆ ಕಥೆಯೂ ಸಿಗಲಿಲ್ಲ ಅಂತ ಅರ್ಥ. ಯಾರಿಗೆ ಸಿಕ್ಕಿಲ್ಲ ಎಣಿಸಿ.

ಬ್ರೂನೊಗೆ ಇಲ್ಲ. ಊರೆಲ್ಲ ಅವನ ಬಗ್ಗೆ ಹಾಡುತ್ತೆ, ಅವನ ಸರದಿ ಬಂದಾಗ ಕೊನೆಯ ಗುಂಪು ಹಾಡಿನ ಒಂದಿಷ್ಟು ಸಾಲು ಬಿಟ್ಟರೆ ಬರೀ ಮಾತು. ಅವನ ಹೆಸರಿನ ಹಾಡಿಗೂ ಇಸಬೆಲಾಳ ಹಾಡಿಗೂ ನಡುವೆ ಉದ್ದದ ಅಂತರ. ಊಟದ ಮೇಜಿನ ರಂಪಾಟ, ಗೋಡೆಯೊಳಗೆ ಅಡಗಿದ್ದ ಬ್ರೂನೊನ ಭೇಟಿ, ಅವನು ಕಾಣುವ ಎರಡನೇ ಭವಿಷ್ಯದರ್ಶನ, ಎಲ್ಲ ಹಾಡಿಲ್ಲದೇ ಸಾಗುತ್ತೆ. ಮಧ್ಯದಲ್ಲಿ ಚಿತ್ರ ಸೊರಗಿದ ಹಾಗೆ ಅನ್ನಿಸೋದು ಅಲ್ಲೇ.

ಅಲ್ಮಾಳಿಗೂ ಇಲ್ಲ. ಗುಂಪು ಹಾಡುಗಳಲ್ಲಿ ಒಂದಿಷ್ಟು ಸಾಲು, ಅಷ್ಟೆ. ಅವಳ ಜೀವನದ ದೊಡ್ಡ ದುಃಖ ಬಿಚ್ಚಿಕೊಳ್ಳುವಾಗ ಹಾಡುವವರು ಕೊಲಂಬಿಯಾದ ಗಾಯಕ ಸೆಬಾಸ್ಟಿಯನ್ ಯಾತ್ರಾ, ಕಥೆಯಲ್ಲೇ ಇಲ್ಲದ ಹೊರಗಿನ ದನಿ. ಮಾತಿಗೆ ನಿಲುಕದ್ದನ್ನು ಪಾತ್ರವೇ ಹಾಡುತ್ತೆ ಅನ್ನೋದು ಸಂಗೀತಚಿತ್ರದ ಮೊದಲ ನಿಯಮ. ಅತಿ ಹೆಚ್ಚು ಬದಲಾಗಬೇಕಾದವಳಿಗೇ ಅದನ್ನು ಕೊಡದೆ, ಬದಲಾವಣೆಯನ್ನು ಹಾಡು ಮುಗಿದ ಮೇಲಿನ ನಾಲ್ಕು ಮಾತಿಗೆ ಬಿಟ್ಟಿದ್ದಾರೆ. ಅವಸರ ಅನ್ನಿಸದೆ ಇನ್ನೇನು?

ಇಸಬೆಲಾಳ ದೃಶ್ಯದ ಜೊತೆ ಹೋಲಿಸಿ. ಮಿರಬೆಲ್ ಅಲ್ಲಿಗೆ ಹೋಗೋದೇ ಅಕ್ಕನನ್ನು ಅಪ್ಪಿಕೊಂಡರೆ ಮನೆ ಉಳಿಯುತ್ತೆ ಅನ್ನೋ ಲೆಕ್ಕಾಚಾರದಲ್ಲಿ. ಬಾಯಿಮಾತಿನ ಕ್ಷಮೆ ಜಗಳಕ್ಕೆ ತಿರುಗುತ್ತೆ, ಸಿಟ್ಟಿಗೆ ಒಂದು ಪಾಪಸುಕಳ್ಳಿ ಹುಟ್ಟುತ್ತೆ, ಅದನ್ನು ನೋಡಿ ಇಸಬೆಲಾಳಿಗೇ ಆಶ್ಚರ್ಯ. ಅಲ್ಲಿಂದ ಹಾಡು ಶುರು. ಹಾಡು ಮುಗಿಯೋ ಹೊತ್ತಿಗೆ ಅಪ್ಪುಗೆ ನಿಜವಾಗಿರುತ್ತೆ. ಇಬ್ಬರ ಸಂಬಂಧ ಎಲ್ಲಿ ಶುರುವಾಗಿ ಎಲ್ಲಿ ಮುಟ್ಟಿತು ಅಂತ ಬೆರಳಿಟ್ಟು ತೋರಿಸಬಹುದು. ಅಲ್ಮಾ ವಿಷಯದಲ್ಲಿ ಆ ಮೆಟ್ಟಿಲುಗಳೇ ಇಲ್ಲ.

ಹೊಳೆಯಾಚೆ

ಅಲ್ಮಾ ಬಗ್ಗೆ ಒಪ್ಪಲ್ಲ ಸಾರ್. ಗಂಡನನ್ನು ಕಳೆದುಕೊಂಡ ದಿನದಿಂದ ಬಾಯಿ ಬಿಗಿಹಿಡಿದವಳು ಅವಳು. ಅವಳ ಬಾಯಲ್ಲಿ ಹಾಡು ಬಂದಿದ್ದರೆ ಪಾತ್ರವೇ ಕೆಡುತ್ತಿತ್ತು. ಆ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಸಂಭಾಷಣೆ ಇಲ್ಲ. ಭೇಟಿ, ಮದುವೆ, ತ್ರಿವಳಿ ಮಕ್ಕಳು, ಊರು ಬಿಟ್ಟು ಓಟ, ನದಿ, ಗಂಡ ಪೆಡ್ರೊ ಹಿಂದಕ್ಕೆ ತಿರುಗಿ ಹೋಗೋದು, ಎಲ್ಲ ಮುಖಗಳಲ್ಲೇ. ಇಂಗ್ಲಿಷ್ ಆವೃತ್ತಿಯಲ್ಲೂ ಆ ಹಾಡನ್ನು ಸ್ಪ್ಯಾನಿಷ್‌ನಲ್ಲೇ ಬಿಟ್ಟಿದ್ದು ಚಿತ್ರದ ಅತ್ಯಂತ ಧೈರ್ಯದ ತೀರ್ಮಾನ. ಎರಡು ಕಂಬಳಿಹುಳಗಳ ಹಾಡು ಅನ್ನೋದಷ್ಟು ಗೊತ್ತಿದ್ದರೆ ಸಾಕು.

ಅವಸರ ಇರೋದು ಅದರ ನಂತರ. ಅಷ್ಟು ವರ್ಷ ಮನೆಯ ಗೋಡೆಯೊಳಗೆ ಅಡಗಿದ್ದ ಮಗ ಎದುರು ಬಂದರೆ ಒಂದು ಅಪ್ಪುಗೆ ಸಾಕಾ? ಅಲ್ಲಿ ಬೇಕಿದ್ದದ್ದು ಹಾಡಲ್ಲ, ಇನ್ನೆರಡು ನಿಮಿಷದ ಮೌನ.

ಫ್ರೇಮು_ಫ್ರೇಮು

ಗೋಡೆಯೊಳಗಿನ ದೃಶ್ಯ ಬಂತಲ್ಲ, ಅದನ್ನೇ ಹಿಡಿದು ಹೇಳ್ತೀನಿ, ಈ ಚಿತ್ರದ ಚಿತ್ರಕಾರರು ಬರಹಗಾರರಿಗಿಂತ ಒಂದು ಹೆಜ್ಜೆ ಮುಂದಿದ್ದಾರೆ. ಬ್ರೂನೊ ಕೂರುವ ಜಾಗ ಊಟದ ಕೋಣೆಯ ಗೋಡೆಗೆ ಒತ್ತಿಕೊಂಡಿದೆ. ಬಿರುಕಿನಲ್ಲಿ ಇಣುಕಿದರೆ ಮನೆಯವರ ಮೇಜು ಕಾಣುತ್ತೆ. ತನ್ನ ಕಡೆಯ ಹಲಗೆಯ ಮೇಲೆ ತಟ್ಟೆಯೊಂದನ್ನು ಕೈಯಾರೆ ಬಿಡಿಸಿಕೊಂಡು ಹೆಸರು ಬರೆದುಕೊಂಡಿದ್ದಾನೆ. ಕ್ಯಾಮೆರಾ ಅಲ್ಲಿ ಹೆಚ್ಚು ಹೊತ್ತು ನಿಲ್ಲಲ್ಲ. ಅವನಿಗೆ ಬರೆದ ಸಂಭಾಷಣೆಯೆಲ್ಲ ಸೇರಿದರೂ ಆ ಒಂದು ಶಾಟ್‌ನ ತೂಕ ಬರಲ್ಲ.

ಬಣ್ಣದ ಲೆಕ್ಕವೂ ಅಚ್ಚುಕಟ್ಟು. ಮಿರಬೆಲ್‌ಳ ತಾಯಿ ಹುಲಿಯೆಟಾಳ ಮನೆಯವರು ನೀಲಿಯ ಛಾಯೆಗಳಲ್ಲಿ, ಪೆಪಾಳ ಕಡೆಯವರು ಹಳದಿ-ಕಿತ್ತಳೆ-ಕೆಂಪಿನಲ್ಲಿ, ಬ್ರೂನೊ ಹಸಿರು. ರೂಪ ಬದಲಿಸುವ ಕಮಿಲೊನ ಹೊದಿಕೆಯ ಮೇಲೆ ಊಸರವಳ್ಳಿ. ಹನ್ನೆರಡು ಜನ ಗೊಂದಲವಾಗಲ್ಲ ಅಂದ್ರಲ್ಲ, ಅರ್ಧ ಕೆಲಸ ಬಟ್ಟೆಯದ್ದು.

ಕೊರತೆ ಅಂದ್ರೆ ಊರು. ಕಣಿವೆ, ಮೇಣದ ತಾಳೆಮರ, ಹಳದಿ ಚಿಟ್ಟೆ, ಎಲ್ಲ ಸೊಗಸು. ಆದರೆ ಮನೆಯ ಹೊಸ್ತಿಲು ದಾಟಿದರೆ ಊರಿನವರು ಬರೀ ಹಿಮ್ಮೇಳ. ಕೊನೆಗೆ ಗುದ್ದಲಿ ಹಿಡಿದು ಮನೆ ಕಟ್ಟಲು ಬರುವವರಲ್ಲಿ ನಮಗೆ ಗುರುತಾಗೋ ಮುಖ ಎಷ್ಟು?

ಅಂಚಿನ_ಸೀಟು

ಸರಿ, ಹಾಡಿಲ್ಲದವರ ಎಣಿಕೆ ತಲೆಯಲ್ಲಿ ಕೂತಿತು. ಇನ್ನೆರಡು: ಕೊನೆಯಲ್ಲಿ ವರಗಳು ವಾಪಸ್ ಬರೋದು ಕಥೆಯ ಆಶಯಕ್ಕೇ ವಿರುದ್ಧ ಅಲ್ವಾ? ಮತ್ತೆ, ಚಿಕ್ಕ ಮಕ್ಕಳಿಗೆ ಹೇಗೆ ತೋರಿಸೋದು? ಹಾಡಿನ ಸಾಲು ಓದೋಷ್ಟರಲ್ಲಿ ಮಾಯ ಆಗಿರುತ್ತೆ.

ಮೂರನೇ_ಕಾಲ

ಮಕ್ಕಳ ವಿಷಯ ಮೊದಲು. ಹಾಡು ಬಂದಾಗ ಸಬ್‌ಟೈಟಲ್ ಆಫ್ ಮಾಡಿ. ಬ್ರೂನೊ ಹಾಡಿನ ಕೊನೆಯಲ್ಲಿ ನಾಲ್ಕಾರು ದನಿ ಒಟ್ಟಿಗಿರುತ್ತೆ, ಅಷ್ಟನ್ನೂ ಕೆಳಗಿನ ಎರಡು ಸಾಲಿನಲ್ಲಿ ತುರುಕೋಕಾಗಲ್ಲ, ಓದಲು ಹೋದರೆ ಚಿತ್ರವೂ ತಪ್ಪುತ್ತೆ. ಶುರುವಿಗೆ ಮುಂಚೆ ಕಾಗದದ ಮೇಲೆ ವಂಶವೃಕ್ಷ ಬರೆದು ಯಾರಿಗೆ ಯಾವ ವರ ಅಂತ ತೋರಿಸಿದರೆ ಮೊದಲ ಹಾಡಿನ ಭಾರ ಇಳಿಯುತ್ತೆ. ಪೆಡ್ರೊ ಸಾಯೋದನ್ನು ನೇರವಾಗಿ ತೋರಿಸಲ್ಲ, ಆದರೂ ತೀರಾ ಚಿಕ್ಕವರು ಬೆಚ್ಚಬಹುದು, ಆಗ ಪಕ್ಕದಲ್ಲಿರಿ. ಎರಡನೇ ಸಲ ನೋಡುವಾಗ ಡೊಲೊರೆಸ್ ಮೇಲೆ ಕಣ್ಣಿಡಲು ಹೇಳಿ. ಬ್ರೂನೊನ ಗೊಣಗಾಟ ತನಗೆ ಕೇಳಿಸುತ್ತೆ ಅಂತ ಅವಳು ಹಾಡಿನಲ್ಲೇ ಹೇಳಿಬಿಟ್ಟಿರುತ್ತಾಳೆ, ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

ಕತ್ತರಿ_ಸಂಕಲನ

ವರಗಳು ವಾಪಸ್ ಬರೋದರಲ್ಲಿ ತಪ್ಪಿಲ್ಲ, ಬರೋ ಜಾಗ ತಪ್ಪು. ಎಲ್ಲರೂ ಕೈಯಾರೆ ಮನೆ ಕಟ್ಟಿ, ಮಿರಬೆಲ್ ಬಾಗಿಲ ಹಿಡಿ ಕೂರಿಸಿದ ಕ್ಷಣದಲ್ಲೇ ಮಾಯೆ ಮರಳುತ್ತೆ. ವರವಿಲ್ಲದೆ ಅವರು ಒಂದು ರಾತ್ರಿಯನ್ನಾದರೂ ಆ ಮನೆಯಲ್ಲಿ ಕಳೆದದ್ದನ್ನು ನಾವು ನೋಡಿದ್ದರೆ ಸಾಕಿತ್ತು. ಇದರಲ್ಲಿ ಹೆಚ್ಚು ನಷ್ಟ ಲುಯಿಸಾಗೆ. ಭಾರ ಹೊರೋದು ನಿಂತರೆ ನಾನ್ಯಾರು ಅನ್ನೋದೇ ಅವಳ ಹಾಡಿನ ಹೆದರಿಕೆ. ನಡುವೆ ಲಯ ಮೆತ್ತಗಾಗಿ, ಹೊರೆ ಇಳಿದರೆ ಹೇಗಿರಬಹುದು ಅಂತ ಕನಸು ಕಾಣುತ್ತಾಳೆ, ಮತ್ತೆ ಅದೇ ಪೆಟ್ಟಿಗೆ ವಾಪಸ್. ಆಮೇಲೆ ಅವಳ ಶಕ್ತಿ ನಿಜವಾಗಿಯೂ ಹೋಗುತ್ತೆ, ಒಂದಿಷ್ಟು ಅಳು, ಕೊನೆಯ ಹಾಡಿನಲ್ಲಿ ಒಂದು ಸಾಲಿನ ಸಮಾಧಾನ. ಶಕ್ತಿಯಿಲ್ಲದ ಲುಯಿಸಾ ಒಂದು ಇಡೀ ದಿನ ಏನು ಮಾಡ್ತಾಳೆ ಅನ್ನೋ ದೃಶ್ಯ ಬರೆದಿದ್ದರೆ, ಒಂದೂಮುಕ್ಕಾಲು ಗಂಟೆಯ ಚಿತ್ರ ಐದು ನಿಮಿಷ ಉದ್ದವಾಗ್ತಿತ್ತು, ಅಷ್ಟೆ.