ಹೊಸ ರೂಟರ್ ಹಾಕಿದ್ಮೇಲೆ ವೈಫೈ ಪದೇ ಪದೇ ಕೈಕೊಡ್ತಿದೆ, ಅನುಭವ ಇದ್ದವರು ಹೇಳಿ

ಕೇಳಿದವರು:
ಹಳೇ ರೂಟರ್ ತೆಗೆದು ವೈಫೈ 7 ಇರೋ ಹೊಸದು ಹಾಕಿದ್ದೀವಿ. ವೇಗಕ್ಕೇನೂ ಕಮ್ಮಿ ಇಲ್ಲ, ಆದ್ರೆ ನೆಚ್ಚಿಕೊಳ್ಳೋ ಹಾಗಿಲ್ಲ. ಲ್ಯಾಪ್‌ಟಾಪಲ್ಲಿ ಮೀಟಿಂಗ್ ನಡೀತಿರುವಾಗ ಇದ್ದಕ್ಕಿದ್ದ ಹಾಗೆ ಎಲ್ಲರ ಮುಖ ಹಾಗೇ ನಿಂತುಬಿಡತ್ತೆ, ಒಂದೆರಡು ನಿಮಿಷಕ್ಕೆ ತಾನಾಗೇ ಸರಿಹೋಗತ್ತೆ. ಫೋನಲ್ಲಿ ಸಿಗ್ನಲ್ ಪೂರ್ತಿ ತೋರಿಸತ್ತೆ, ಏನೂ ಓಪನ್ ಆಗಲ್ಲ. ಹಳೇ ಪ್ರಿಂಟರ್ ಅಂತೂ ಸೇರೋದೇ ಇಲ್ಲ. ನೆಟ್ ಕಂಪನಿಯವರ ಫೈಬರ್ ಬಾಕ್ಸ್‌ಗೇ ಈ ರೂಟರ್ ಸಿಕ್ಕಿಸಿದ್ದೀವಿ. ಆಫ್ ಮಾಡಿ ಆನ್ ಮಾಡಿದ್ರೆ ಸ್ವಲ್ಪ ಹೊತ್ತು ಚೆನ್ನಾಗಿರತ್ತೆ. ಕಸ್ಟಮರ್ ಕೇರ್‌ನವರು ‘ನಮ್ಮ ಲೈನ್ ಸರಿ ಇದೆ’ ಅಂತಾರೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ:
ಸೆಟ್ಟಿಂಗ್‌ಗೆ ಕೈ ಹಾಕೋ ಮೊದಲು ಎಲ್ಲಿ ಕಡಿತ ಆಗ್ತಿದೆ ಅನ್ನೋದು ನೋಡ್ಕೊಳ್ಳಿ. ಲ್ಯಾಪ್‌ಟಾಪಿಂದ ರೂಟರ್‌ವರೆಗೆ ಒಂದು ದಾರಿ, ರೂಟರಿಂದ ಆಚೆಗೆ ಇನ್ನೊಂದು. ಎರಡರಲ್ಲಿ ಯಾವುದು ನಿಂತರೂ ನಾವು ‘ವೈಫೈ ಹೋಯ್ತು’ ಅಂತೀವಿ. ಕಸ್ಟಮರ್ ಕೇರ್‌ನವರು ನುಣುಚಿಕೊಳ್ಳೋದೂ ಅಲ್ಲೇ.

ಕಮಾಂಡ್ ಪ್ರಾಂಪ್ಟ್ ಎರಡು ಸಲ ತೆಗೆದು ಪಕ್ಕಪಕ್ಕ ಇಟ್ಕೊಳ್ಳಿ. ಒಂದರಲ್ಲಿ ರೂಟರ್ ವಿಳಾಸಕ್ಕೆ ಪಿಂಗ್ (ping, ‘ಇದ್ದೀಯಾ?’ ಅಂತ ಕೇಳಿ ಉತ್ತರ ಕಾಯೋ ಕಮಾಂಡ್) ಕೊಡಿ, ಸಾಮಾನ್ಯವಾಗಿ 192.168.1.1 ಅಥವಾ 192.168.0.1, ರೂಟರ್ ತಳದ ಸ್ಟಿಕ್ಕರ್‌ನಲ್ಲಿ ಇರತ್ತೆ. ಇನ್ನೊಂದರಲ್ಲಿ 8.8.8.8ಕ್ಕೆ, ಅದು ಹೊರಗಿನ ಇಂಟರ್ನೆಟ್‌ನಲ್ಲಿರೋ ಗೂಗಲ್ ಸರ್ವರ್. ವಿಂಡೋಸ್‌ನಲ್ಲಿ ಕೊನೆಗೆ ಒಂದು ಡ್ಯಾಶ್ ಹಾಕಿ ‘ಟಿ’ (-t) ಸೇರಿಸಿದ್ರೆ ನೀವು ನಿಲ್ಲಿಸೋ ತನಕ ಓಡ್ತಾನೇ ಇರತ್ತೆ. ಅದನ್ನ ಹಾಗೇ ಬಿಟ್ಟು ನಿಮ್ಮ ಕೆಲಸ ನೋಡ್ಕೊಳ್ಳಿ. ಕೈಕೊಟ್ಟ ತಕ್ಷಣ ಎರಡೂ ಕಡೆ ಕಣ್ಣಾಡಿಸಿ. ರೂಟರ್ ಪಿಂಗೇ ‘ಟೈಮ್ಡ್ ಔಟ್’ ಅಂದ್ರೆ ತೊಂದರೆ ಮನೆಯೊಳಗಿನ ವೈಫೈದು. ರೂಟರ್ ಎರಡು ಮೂರು ಮಿಲಿಸೆಕೆಂಡಲ್ಲಿ ಉತ್ತರ ಕೊಡ್ತಾ ಇದ್ದು 8.8.8.8 ಮಾತ್ರ ನಿಂತಿದ್ರೆ ಲೈನಿಂದು. ಆ ಸ್ಕ್ರೀನ್‌ಶಾಟ್ ಹಿಡ್ಕೊಂಡು ಕಂಪನಿಯವರ ಜೊತೆ ಮಾತಾಡಿ. ಎರಡೂ ಓಡ್ತಿದ್ದು ವೆಬ್‌ಸೈಟ್ ಮಾತ್ರ ತೆರೀತಿಲ್ಲ ಅಂದ್ರೆ ಮೊದಲ ಅನುಮಾನ ಡಿಎನ್‌ಎಸ್ ಮೇಲೆ, ಅಂದ್ರೆ ವೆಬ್‌ಸೈಟ್ ಹೆಸರನ್ನ ಐಪಿ ವಿಳಾಸಕ್ಕೆ ಬದಲಾಯಿಸಿ ಕೊಡೋ ವ್ಯವಸ್ಥೆ. ಈ ಪರೀಕ್ಷೆ ಆಗದೆ ಯಾರು ಏನು ಸಲಹೆ ಕೊಟ್ಟರೂ ಅದು ಅಂದಾಜೇ, ನಂದೂ ಸೇರಿ.

ಉತ್ತರ:
ನಿಮ್ಮ ‘ಒಂದೆರಡು ನಿಮಿಷಕ್ಕೆ ತಾನಾಗೇ ಸರಿಹೋಗತ್ತೆ’ ಅನ್ನೋ ಮಾತೇ ನನಗೆ ಸುಳಿವು. ನಮ್ಮನೇಲೂ ಹಾಗೇ ಆಗ್ತಿತ್ತು, ಕಾರಣ ಡಿಎಫ್‌ಎಸ್, ಅಂದ್ರೆ ರೇಡಾರ್ ಕಂಡ್ರೆ ವೈಫೈ ಚಾನೆಲ್ ಬಿಟ್ಟುಕೊಡಬೇಕು ಅನ್ನೋ ನಿಯಮ.

ವೈಫೈ ಬಳಸೋ 5 ಗಿಗಾಹರ್ಟ್ಸ್ ಪಟ್ಟಿಯ (ಬ್ಯಾಂಡಿನ) ಒಂದಷ್ಟು ಭಾಗವನ್ನ ರೇಡಾರ್‌ಗಳೂ ಬಳಸ್ತವೆ. ಬಹಳಷ್ಟು ದೇಶಗಳ ನಿಯಮದಲ್ಲಿ 52ರಿಂದ 64, 100ರಿಂದ 144 ಚಾನೆಲ್‌ಗಳು ಈ ಪೈಕಿ. ಅಲ್ಲಿ ಕೂತ ರೂಟರ್‌ಗೆ ರೇಡಾರ್ ಸದ್ದು ಕೇಳಿಸಿದ್ರೆ 10 ಸೆಕೆಂಡೊಳಗೆ ಜಾಗ ಖಾಲಿ ಮಾಡಬೇಕು, 30 ನಿಮಿಷ ಆ ಕಡೆ ತಲೆ ಹಾಕೋ ಹಾಗಿಲ್ಲ. ಹೊಸ ಚಾನೆಲ್ಲೂ ಅದೇ ಗುಂಪಿನದಾದ್ರೆ ಮೊದಲು 60 ಸೆಕೆಂಡ್ ಬಾಯಿ ಮುಚ್ಚಿಕೊಂಡು ಕಿವಿಗೊಡಬೇಕು, ಆಮೇಲಷ್ಟೇ ಪ್ರಸಾರ. ಯುರೋಪಿನಲ್ಲಿ ಹವಾಮಾನ ರೇಡಾರ್ ಇರೋ 5600–5650 ಮೆಗಾಹರ್ಟ್ಸ್‌ಗೆ ಈ ಕಾಯುವಿಕೆ 10 ನಿಮಿಷ! ಅಷ್ಟು ಹೊತ್ತು ನಿಮ್ಮ 5 ಗಿಗಾಹರ್ಟ್ಸ್ ವೈಫೈ ಹೆಸರೇ ಗಾಳಿಯಲ್ಲಿ ಇರಲ್ಲ. ನಿಜವಾದ ರೇಡಾರೇ ಆಗಬೇಕು ಅಂತಿಲ್ಲ, ಬೇರೆ ಗದ್ದಲವನ್ನೇ ರೇಡಾರ್ ಅಂದುಕೊಂಡು ಜಿಗಿಯೋ ರೂಟರ್‌ಗಳೂ ಇವೆ.

ಹಳೇ ರೂಟರಲ್ಲಿ ಇಲ್ಲದ್ದು ಹೊಸದರಲ್ಲಿ ಯಾಕೆ ಅಂದ್ರೆ, ಡಬ್ಬದ ಮೇಲೆ ದೊಡ್ಡ ವೇಗದ ಅಂಕಿ ಬರೀಬೇಕಲ್ಲ, ಅದಕ್ಕೆ 160 ಮೆಗಾಹರ್ಟ್ಸ್ ಚಾನೆಲ್ ಅಗಲವನ್ನ ಮೊದಲೇ ಆನ್ ಮಾಡಿ ಕಳಿಸಿರ್ತಾರೆ. ಅಷ್ಟು ಅಗಲ ಬೇಕಂದ್ರೆ ಸಾಮಾನ್ಯವಾಗಿ 36ರಿಂದ 64ರವರೆಗೆ ಒಟ್ಟಿಗೆ ಹಿಡೀಬೇಕು, ಅದರಲ್ಲಿ ಅರ್ಧ ರೇಡಾರ್ ಜಾಗ. ಅಗಲ 80ಕ್ಕೆ ಇಳಿಸಿ, ಚಾನೆಲ್ ‘ಆಟೋ’ ಬಿಟ್ಟು 36 ಅಂತ ಗಟ್ಟಿ ಮಾಡಿ. ವೇಗದ ಪರೀಕ್ಷೆಯಲ್ಲಿ ಅಂಕಿ ಇಳಿಯತ್ತೆ. ಮೀಟಿಂಗ್‌ಗೆ ಅದರಿಂದ ಏನೂ ವ್ಯತ್ಯಾಸ ಆಗಲ್ಲ.

ಉತ್ತರ:
ಫೈಬರ್ ಬಾಕ್ಸ್ ವಿಷಯ ಯಾರೂ ಎತ್ತಲಿಲ್ಲ. ಆ ಬಾಕ್ಸೂ ಎಷ್ಟೋ ಸಲ ತಾನೇ ಒಂದು ರೂಟರ್ ಆಗಿರತ್ತೆ. ಅದರ ಮುಂದೆ ನಿಮ್ಮದು ಇನ್ನೊಂದು. ಇಬ್ಬರು ಯಜಮಾನರು, ಇಬ್ಬರೂ ಮನೆಯ ಸಾಧನಗಳಿಗೆ ಐಪಿ ವಿಳಾಸ ಹಂಚೋರು. ಎರಡರ ವಿಳಾಸವೂ 192.168.1.1 ಆಗಿದ್ರಂತೂ ಗೋಜಲು ಖಾತ್ರಿ. ‘ಸಿಗ್ನಲ್ ಪೂರ್ತಿ, ಏನೂ ಓಪನ್ ಆಗಲ್ಲ’ ಅನ್ನೋದಕ್ಕೆ ಇದೂ ಕಾರಣ ಇರಬಹುದು. ಬಾಕ್ಸನ್ನ ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಆಗ ಅದು ರೂಟರ್ ಕೆಲಸ ಬಿಟ್ಟು ಲೈನನ್ನ ನಿಮ್ಮ ರೂಟರ್‌ಗೆ ದಾಟಿಸತ್ತೆ ಅಷ್ಟೇ. ಅವರು ಒಪ್ಪಲ್ಲ ಅಂದ್ರೆ ನಿಮ್ಮ ರೂಟರನ್ನೇ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಾಯಿಸಿ, ಐಪಿ ಹಂಚೋ ಕೆಲಸ ಬಾಕ್ಸ್‌ಗೇ ಬಿಡಿ. ಹಾಗೇ ಬಾಕ್ಸ್‌ನ ಸ್ವಂತ ವೈಫೈ ಇನ್ನೂ ಆನ್ ಇದ್ರೆ ಆಫ್ ಮಾಡಿ. ಪಕ್ಕದಲ್ಲೇ ಕೂತು ಎರಡೂ ಒಂದರ ಮೇಲೊಂದು ಕೂಗ್ತಿರ್ತವೆ.

ಉತ್ತರ:
ಪ್ರಿಂಟರ್ ಬಗ್ಗೆ ನಾನು ಹೇಳ್ತೀನಿ. ಹಳೇ ಪ್ರಿಂಟರ್, ಸ್ಮಾರ್ಟ್ ಬಲ್ಬ್, ಕ್ಯಾಮೆರಾ ಇವೆಲ್ಲ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಬಿಟ್ಟು ಬೇರೆ ಕಾಣವು, ಡಬ್ಲ್ಯೂಪಿಎ3 (ವೈಫೈಯ ಹೊಸ ಭದ್ರತಾ ವಿಧಾನ, ಹಳೇದು ಡಬ್ಲ್ಯೂಪಿಎ2) ಅಂದ್ರೆ ಏನು ಅಂತಲೂ ಗೊತ್ತಿರಲ್ಲ. 2 ಮತ್ತು 3 ಎರಡೂ ಸೇರಿದ ಮಿಶ್ರ ಮೋಡ್ ಇಟ್ಟರೂ ಕೆಲವು ತಡವರಿಸ್ತವೆ. ಇಡೀ ಮನೆಯನ್ನ ಡಬ್ಲ್ಯೂಪಿಎ2ಗೆ ಇಳಿಸೋದು ಬೇಡ, 6 ಗಿಗಾಹರ್ಟ್ಸ್‌ಗೆ ಡಬ್ಲ್ಯೂಪಿಎ3 ಕಡ್ಡಾಯ. ಅದರ ಬದಲು ಗೆಸ್ಟ್ ಅಥವಾ ಐಒಟಿ (ಬಲ್ಬ್, ಕ್ಯಾಮೆರಾದಂಥ ಸ್ಮಾರ್ಟ್ ಸಾಧನಗಳ) ನೆಟ್‌ವರ್ಕ್ ಅಂತ ಇರತ್ತಲ್ಲ, ಅದನ್ನ 2.4ಕ್ಕೆ ಮಾತ್ರ, ಡಬ್ಲ್ಯೂಪಿಎ2ರಲ್ಲಿ, ಬೇರೆ ಹೆಸರಲ್ಲಿ ಮಾಡಿ. ಹಳೇ ರೂಟರಿನ ಹೆಸರು, ಪಾಸ್‌ವರ್ಡ್ ಎರಡನ್ನೂ ಅದಕ್ಕೇ ಇಟ್ಟರೆ ಪ್ರಿಂಟರ್ ತಾನಾಗೇ ಬಂದು ಸೇರೋ ಸಾಧ್ಯತೆ ಹೆಚ್ಚು. ಒಂದು ಎಚ್ಚರ: ಗೆಸ್ಟ್‌ನಲ್ಲಿರೋ ಸಾಧನಗಳು ಉಳಿದವಕ್ಕೆ ಕಾಣದ ಹಾಗೆ ತಡೆ ಇರತ್ತೆ. ಅದನ್ನ ತೆಗೆಯದಿದ್ರೆ ಪ್ರಿಂಟರ್ ನೆಟ್‌ಗೆ ಸೇರಿರತ್ತೆ, ಪ್ರಿಂಟ್ ಮಾತ್ರ ಹೋಗಲ್ಲ.

2.4ರಲ್ಲಿ ಅಗಲ 20 ಮೆಗಾಹರ್ಟ್ಸ್ ಸಾಕು. ಚಾನೆಲ್ 1, 6, 11 ಬಿಟ್ಟು ಬೇರೆ ಬೇಡ, ಮಧ್ಯದವು ಅಕ್ಕಪಕ್ಕದವಕ್ಕೆ ಮೈ ತಾಗಿಸ್ತವೆ.

ಉತ್ತರ:
ನಾನಾದ್ರೆ 5 ಗಿಗಾಹರ್ಟ್ಸ್‌ಗೂ ಬೇರೆ ಹೆಸರು ಕೊಡ್ತೀನಿ. ಎಲ್ಲಕ್ಕೂ ಒಂದೇ ಹೆಸರಿಟ್ಟು ‘ಸ್ಮಾರ್ಟ್ ಕನೆಕ್ಟ್’ ಅಂತ ಬಿಟ್ಟರೆ ರೂಟರ್ ಒಂದು ಕಡೆ ತಳ್ಳತ್ತೆ, ಫೋನ್ ಇನ್ನೊಂದು ಕಡೆ ಎಳೀತದೆ.

ಉತ್ತರ:
ಯಾವಾಗಲೂ ಅಂತ ಬೇಡ. ಪತ್ತೆ ಹಚ್ಚೋವರೆಗೆ ಬೇರೆ ಹೆಸರು ಒಳ್ಳೇದು, ಯಾವ ಬ್ಯಾಂಡ್ ಕೈಕೊಡ್ತಿದೆ ಅಂತ ನೇರವಾಗಿ ಗೊತ್ತಾಗತ್ತೆ. ಆಮೇಲೂ ಹಾಗೇ ಇಟ್ಟರೆ, ದೂರದ ಕೋಣೆಗೆ ಹೋದಾಗ ಫೋನ್ 5ನ್ನೇ ತಬ್ಬಿಕೊಂಡು ಒದ್ದಾಡತ್ತೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಪಿಂಗ್ ಬಿಟ್ಟು ನೋಡಿದೆ. ಮೀಟಿಂಗ್ ನಿಂತಾಗ ರೂಟರ್ ಪಿಂಗ್ ಕೂಡ ನಿಂತಿತು, ಎರಡೂ ಕಡೆ ಸಾಲಾಗಿ ‘ಟೈಮ್ಡ್ ಔಟ್’. ರೂಟರ್ ಲಾಗ್ ತೆಗೆದರೆ ಅದೇ ಹೊತ್ತಿಗೆ ‘ರೇಡಾರ್ ಡಿಟೆಕ್ಟೆಡ್’, ಕೆಳಗೆ ಚಾನೆಲ್ ಬದಲಾದ ಸಾಲು. ಅಗಲ 80, ಚಾನೆಲ್ 36 ಮಾಡಿದ್ಮೇಲೆ ಆ ಥರ ಸ್ತಬ್ಧ ಆಗಿಲ್ಲ. ಪ್ರಿಂಟರ್ ಐಒಟಿ ನೆಟ್‌ವರ್ಕ್‌ಗೆ ಬಂತು. ಆದ್ರೆ ಫೋನಲ್ಲಿ ಸಿಗ್ನಲ್ ಇದ್ದೂ ಏನೂ ತೆರೆಯದೇ ಇರೋದು ಈಗಲೂ ಆಗಾಗ ಇದೆ. ಫೈಬರ್ ಬಾಕ್ಸ್ ಬ್ರಿಡ್ಜ್ ಮೋಡಲ್ಲೇ ಇದೆಯಂತೆ, ವಿಚಾರಿಸಿದೆ.

ಉತ್ತರ:
ಎಲ್ಲ ಫೋನಲ್ಲೂ ಹಾಗಾ, ಅಥವಾ ಹೊಸದರಲ್ಲಿ ಮಾತ್ರವಾ?

ಕೇಳಿದವರು:
ಹೊಸ ಫೋನಲ್ಲಿ ಮಾತ್ರ. ಅದು ವೈಫೈ 7 ಇರೋದು.

ಉತ್ತರ:
ಹಾಗಾದ್ರೆ ಎಂಎಲ್‌ಒ ಆಫ್ ಮಾಡಿ ನೋಡಿ. ಒಂದೇ ಸಾಧನ ಎರಡು ಬ್ಯಾಂಡನ್ನ ಒಟ್ಟಿಗೆ ಹಿಡಿಯೋ ವ್ಯವಸ್ಥೆ ಅದು, ವೈಫೈ 7ರ ದೊಡ್ಡ ಹೊಸತನ. ವೈಫೈ 7ಕ್ಕೆ ಅಧಿಕೃತ ಪ್ರಮಾಣೀಕರಣ ಶುರುವಾಗಿದ್ದೇ 2024ರ ಜನವರಿಯಲ್ಲಿ. ರೂಟರ್ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್), ಫೋನಿನ ಸಾಫ್ಟ್‌ವೇರ್ ಎರಡೂ ಪಳಗಿರದಿದ್ರೆ ಒಂದು ಕೊಂಡಿ ಸತ್ತರೂ ಫೋನ್ ಅದರಲ್ಲೇ ಕಾಯ್ತಾ ಕೂರತ್ತೆ. ಫರ್ಮ್‌ವೇರ್ ಅಪ್‌ಡೇಟ್ ಬಂದಿದೆಯಾ ನೋಡಿ, ಹಾಕಿ, ಆಮೇಲೆ ಬೇಕಿದ್ರೆ ಮತ್ತೆ ಆನ್ ಮಾಡಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸ್ಬೇಡಿ, ಯಾವುದರಿಂದ ಸರಿಹೋಯ್ತು ಅಂತ ತಿಳಿಯಲ್ಲ.

ಲ್ಯಾಪ್‌ಟಾಪ್ ಇರೋರಿಗೂ ಒಂದು ಮಾತು: ಡ್ರೈವರ್ (ವೈಫೈ ಚಿಪ್ ನಡೆಸೋ ಸಾಫ್ಟ್‌ವೇರ್) ಹಳೇದಿದ್ರೆ ರೂಟರನ್ನ ಬೈದು ಪ್ರಯೋಜನ ಇಲ್ಲ. ಇಂಟೆಲ್‌ನ ಕೆಲವು ಹಳೇ ವೈಫೈ ಡ್ರೈವರ್‌ಗಳಿಗೆ ವೈಫೈ 6 ನೆಟ್‌ವರ್ಕ್‌ನ ಹೆಸರೇ ಕಾಣ್ತಿರಲಿಲ್ಲ, ಹೊಸ ಡ್ರೈವರ್ ಹಾಕಿದ್ಮೇಲೆ ಕಂಡಿತು.

ಉತ್ತರ:
ರೂಟರ್ ಹಿಂಭಾಗದ ಯುಎಸ್‌ಬಿ 3ಕ್ಕೆ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದೀರಾ? ಇದ್ರೆ ಕಿತ್ತು ನೋಡಿ. ಯುಎಸ್‌ಬಿ 3ರ ಸದ್ದು 2.4 ಗಿಗಾಹರ್ಟ್ಸ್‌ಗೆ ಅಡ್ಡಿ ಮಾಡತ್ತೆ ಅಂತ ಇಂಟೆಲ್‌ನವರೇ 2012ರಲ್ಲಿ ಬರೆದಿದ್ರು.

ಕೇಳಿದವರು:
ಡಿಸ್ಕ್ ಏನೂ ಇಲ್ಲ. ಎಂಎಲ್‌ಒ ಆಫ್ ಮಾಡಿದೆ, ಸದ್ಯಕ್ಕೆ ಫೋನ್ ತೆಪ್ಪಗಿದೆ. ಇನ್ನೂ ವಾಪಸ್ ಕೊಡೋ ಅವಧಿ ಮುಗಿದಿಲ್ಲ. ಕೊಟ್ಟುಬಿಡ್ಲಾ, ಇಟ್ಕೊಳ್ಳಲಾ?

ಉತ್ತರ:
ರೂಟರ್ ಪುಟದಲ್ಲಿ ‘ಅಪ್‌ಟೈಮ್’ ಅಂತ ಒಂದು ಲೆಕ್ಕ ಇರತ್ತೆ, ಎಷ್ಟು ಹೊತ್ತಿಂದ ನಿಲ್ಲದೆ ಓಡ್ತಿದೆ ಅನ್ನೋದು. ನೀವು ಆಫ್ ಮಾಡದೇ ಇದ್ರೂ ಅದು ಮತ್ತೆ ಸೊನ್ನೆಯಿಂದ ಶುರುವಾಗಿದ್ರೆ ರೂಟರ್ ತಾನೇ ರೀಸ್ಟಾರ್ಟ್ ಆಗ್ತಿದೆ ಅಂತ ಅರ್ಥ. ಆಗ ಮೊದಲು ಅಡಾಪ್ಟರ್ ನೋಡಿ. ಜೊತೆಗೆ ಬಂದದ್ದನ್ನೇ ಹಾಕಿದ್ದೀರಾ, ಅಥವಾ ಪಿನ್ ಸರಿಹೋಯ್ತು ಅಂತ ಹಳೇದನ್ನ ಹಾಕಿದ್ದೀರಾ? ವೋಲ್ಟೇಜ್ ಒಂದೇ ಇದ್ದು ಆಂಪಿಯರ್ ಕಮ್ಮಿ ಇದ್ರೂ ಲೋಡ್ ಬಿದ್ದಾಗ ಕುಸಿಯತ್ತೆ. ಅಡಾಪ್ಟರ್ ಸರಿಯಿದ್ದು, ಗಾಳಿ ಆಡೋ ಜಾಗದಲ್ಲಿಟ್ಟೂ ಅಪ್‌ಟೈಮ್ ಸೊನ್ನೆಗೆ ಬರ್ತಿದ್ರೆ ಹಾರ್ಡ್‌ವೇರ್‌ನದೇ ದೋಷ, ವಾಪಸ್ ಕೊಡಿ. ಅಪ್‌ಟೈಮ್ ಏರ್ತಾನೇ ಇದ್ದು ಲಾಗ್‌ನಲ್ಲಿ ರೇಡಾರ್ ಸಾಲೂ ಬರದಿದ್ರೆ ಇಟ್ಕೊಳ್ಳಿ.